ಕೇಕಿಗೆ ಎರಡು ಕಿಲೋ ಮರಳು

ಬಸ್ಸಮ್ಮನ ಮೂರು ಮಕ್ಕಳೂ ಹುಟ್ಟಿದ್ದು ಜೂನ್ ಒಂದರಂದು. ವರ್ಷ ಬೇರೆ ಬೇರೆ, ತಾರೀಖು ಮಾತ್ರ ಒಂದೇ. ಈ ಸಂಗತಿ ಬಸ್ಸಮ್ಮನಿಗೆ ತಿಳಿದದ್ದು ಮಕ್ಕಳನ್ನು ಶಾಲೆಗೆ ಹಚ್ಚಿದಾಗ. ದೊಡ್ಡವನ ಹೆಸರು ಬರೆಸುವ ದಿನ ಹೆಡ್ಮಾಸ್ತರರು "ಯಾವಾಗ ಹುಟ್ಯಾನವ್ವ?" ಎಂದು ಕೇಳಿದರು. "ಸಜ್ಜಿ ಬಿತ್ತೂ ಮುಂದ್ರೀ" ಎಂದಳು. ಅವರು ಕನ್ನಡಕ ಮೇಲಕ್ಕೇರಿಸಿ ಜೂನ್ ಒಂದು ಎಂದು ಬರೆದರು. ಎರಡನೆಯವನಿಗೆ "ನೆಲ್ಲು ಕೊಯ್ಯೂ ಮುಂದ್ರೀ" ಎಂದಳು. ಅದಕ್ಕೂ ಜೂನ್ ಒಂದೇ ಬಂತು. ಮಗಳ ಸರದಿ ಬರುವಷ್ಟರಲ್ಲಿ ಅವರು ಕೇಳುವುದನ್ನೇ ಬಿಟ್ಟಿದ್ದರು.

"ಹಡದಾಕಿ ನಾ, ತಾರೀಖು ಇಟ್ಟಾಂವ ಹೆಡ್ಮಾಸ್ತರ. ಹುಟ್ಟಿದ ಹಬ್ಬ ಅಂವಗೇ ಮಾಡ್ರಿ" ಎಂದು ಬಸ್ಸಮ್ಮ ಈಗಲೂ ನಗುತ್ತಾಳೆ.

ಮಕ್ಕಳು ನೌಕರಿ ಹಿಡಿದು, ಮನೆಮಂದಿಯೆಲ್ಲ ವಾಟ್ಸಾಪಿನ ಒಂದೇ ಗ್ರೂಪಿನೊಳಗೆ ಬಂದು ಕೂತ ಮೇಲೆ ಆ ತಾರೀಖಿಗೆ ಜೀವ ಬಂತು. ಪ್ರತಿ ಜೂನ್ ಒಂದರ ಸಂಜೆ ಆರಕ್ಕೆ ರಾಯಚೂರಿನಲ್ಲಿ ಹಿರಿಯವನಾದ ಆನಂದನ ಮನೆಯಲ್ಲಿ ಎಲ್ಲರೂ ಕೂಡಬೇಕು, ಮೂವರ ಹೆಸರಿನಲ್ಲಿ ಮೂರು ಚಾಕಲೇಟ್ ಕೇಕು ಕೊಯ್ಯಬೇಕು ಎಂದು ತೀರ್ಮಾನವಾಯಿತು. ಆ ಮೂರನ್ನೂ ಮನೆಯಲ್ಲೇ ಬೇಯಿಸಿ ತರುವವನು ನಡುವಿನವನು, ಮಾನ್ವಿಯ ಅಂಬರೀಶ.

ಆನಂದ ಬ್ಯಾಂಕಿನಲ್ಲಿ ಮ್ಯಾನೇಜರು. ತಂಗಿ ಸಂಘಮಿತ್ರಾ ರಾಯಚೂರಿನಲ್ಲೇ ಹೈಸ್ಕೂಲಿನ ಗಣಿತದ ಟೀಚರು. ಅಂಬರೀಶ ಹತ್ತನೆಯ ತರಗತಿಯಲ್ಲಿ ಒಮ್ಮೆ ಮುಗ್ಗರಿಸಿ, ಹಗಲು ಅಕ್ಕಿ ಗಿರಣಿಯಲ್ಲಿ ಚೀಲ ಎಣಿಸಿ, ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿ, ಮಾನ್ವಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾದವನು. ಮನೆಯಲ್ಲಿ ದೊಡ್ಡ ಮಾತೇನಾದರೂ ಇದ್ದರೆ ಎಲ್ಲರೂ ಆನಂದನನ್ನು ಕೇಳುತ್ತಿದ್ದರು. ಬುದ್ಧಿಮಾತು ಬೇಕಾದರೆ ಸಂಘಮಿತ್ರಾಳನ್ನು ಕೇಳುತ್ತಿದ್ದರು. ಅಂಬರೀಶನನ್ನು "ಊಟ ಆತೇನು?" ಎಂದಷ್ಟೇ ಕೇಳುತ್ತಿದ್ದರು. ಆದರೆ ಜೂನ್ ಒಂದರ ಸಂಜೆ ಮಾತ್ರ ಅಣ್ಣನೂ ತಂಗಿಯೂ ತಟ್ಟೆ ಹಿಡಿದು ಸುಮ್ಮನೆ ಕೂತು, ಅವನು ಡಬ್ಬಿಯ ಮುಚ್ಚಳ ತೆಗೆಯುವುದನ್ನೇ ಕಾಯುತ್ತಿದ್ದರು. ಆ ಕಾಲು ಗಂಟೆಯ ಬಲದ ಮೇಲೆ ಅವನು ಉಳಿದ ವರ್ಷವನ್ನು ತಳ್ಳುತ್ತಿದ್ದ.

ಈ ವರ್ಷ ಆ ಕಾಲು ಗಂಟೆಗೇ ಕುತ್ತು ಬಂದಿತ್ತು. ಹೋದ ವರ್ಷದ ಕೇಕು ನಡುವಿನಲ್ಲಿ ಕುಸಿದು ತಗ್ಗು ಬಿದ್ದಿತ್ತು. ಬೇಯುತ್ತಿದೆಯೋ ಇಲ್ಲವೋ ಎಂಬ ಸಂಶಯಕ್ಕೆ ಅಂಬರೀಶ ಏಳು ಸಲ ಮುಚ್ಚಳ ತೆಗೆದು ನೋಡಿದ್ದೇ ಅದಕ್ಕೆ ಕಾರಣ. ಮೇ ತಿಂಗಳ ಮೊದಲ ವಾರದಲ್ಲೇ ಆನಂದ ಗ್ರೂಪಿನಲ್ಲಿ ಬರೆದ: "ಅಂಬ್ಯಾಗ ಇದು ಕಡೀ ಛಾನ್ಸ್. ಈ ಸಲ ಸರಿ ಆಗಲಿಲ್ಲಂದ್ರ ಮುಂದಿನ ವರ್ಷದಿಂದ ಕಾಯಂ ಬೇಕರಿ ಕೇಕು." ಅದರ ಕೆಳಗೆ ಸಂಘಮಿತ್ರಾ ಎತ್ತಿದ ಹೆಬ್ಬೆರಳಿನ ಚಿತ್ರ ಹಾಕಿದಳು. ಅದು ಅಣ್ಣನ ಮಾತಿಗೆ ಒಪ್ಪಿಗೆಯೋ ತನಗೆ ಧೈರ್ಯವೋ ಎಂದು ಅಂಬರೀಶ ಮೂರು ದಿನ ಯೋಚಿಸಿದ.

ಅವನ ಕೇಕು ಬೇಯುತ್ತಿದ್ದದ್ದು ಕುಕ್ಕರಿನಲ್ಲಿ. ಗ್ಯಾಸ್ಕೆಟ್ಟು, ಸೀಟಿ ಎರಡನ್ನೂ ತೆಗೆದ ಹಳೆಯ ಕುಕ್ಕರಿನ ತಳಕ್ಕೆ ಎರಡು ಬೆರಳು ದಪ್ಪ ಮರಳು ಹಾಸಿ, ಅದು ಕಾದ ಮೇಲೆ ಹಿಟ್ಟಿನ ಡಬ್ಬಿಯನ್ನು ಒಳಗಿಟ್ಟು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಬೇಕು. ಒಂದು ಸಲ ಮರಳಿನ ಬದಲು ಉಪ್ಪು ಹಾಕಿದ್ದ. ಕುಕ್ಕರಿನ ತಳ ತೂತು ಬಿತ್ತು. ಇನ್ನೊಂದು ಸಲ ಎದುರುಮನೆ ಕಟ್ಟುತ್ತಿದ್ದವರಿಂದ ಕಲ್ಲು ಪುಡಿ ಮಾಡಿದ ಮರಳು ತಂದಿದ್ದ. ಆ ಕೇಕು ತಿಂದು ಬಸ್ಸಮ್ಮ, "ಗಿಲಾವು ಮಾಡಿದ ಹೊಸ ಮನಿ ಹೊಕ್ಕಂಗ ಆತು" ಎಂದಿದ್ದಳು. ಕೊನೆಗೆ ಒಗ್ಗಿದ್ದು ಹೊಳೆಯ ಮರಳು. ದೇವದುರ್ಗದ ಕಡೆ ಕೃಷ್ಣಾ ದಂಡೆಯ ಹಳ್ಳಿಯಲ್ಲಿರುವ ಸೋದರಮಾವ ಮುದುಕಪ್ಪ ಒಮ್ಮೆ ತಂದುಕೊಟ್ಟ ಎರಡು ಕಿಲೋ ಮರಳು ನಾಲ್ಕು ವರ್ಷದಿಂದ ಕೇಕು ಬೇಯಿಸುತ್ತಲೇ ಇತ್ತು. ಅದನ್ನು ತೊಳೆದು, ಒಣಗಿಸಿ, ಅಗಲವಾದ ಬೋಗುಣಿಯಲ್ಲಿ ಅಟ್ಟದ ಮೇಲೆ ಇಡುತ್ತಿದ್ದ.

ಜೂನ್ ಒಂದು ಭಾನುವಾರ ಬಿದ್ದಿತ್ತು. ಅದಕ್ಕೆ ಮೂರು ದಿನ ಮೊದಲು, ಗುರುವಾರ ಬೆಳಿಗ್ಗೆ, ಬೋಗುಣಿಯನ್ನು ಕೆಳಗಿಳಿಸಿದ ಹೆಂಡತಿ ಕಲ್ಯಾಣಿ ಮೂಗು ಮುಚ್ಚಿಕೊಂಡಳು.

"ನೋಡ್ರಿ, ಈ ಮರಳನ್ನ ಬೆಕ್ಕು ಬಳಸ್ಯದ."

"ಬಳಸ್ಯದ ಅಂದ್ರ?"

"ಬೆಕ್ಕು ಮರಳಾಗ ಕೇಕು ಬೇಸ್ತದೇನ್ರಿ? ಅದು ಏನು ಮಾಡ್ತದೋ ಅದನ್ನ ಮಾಡ್ಯದ. ದಿನಾ ಮಾಡ್ಯದ."

ಅಂಬರೀಶ ಶುಕ್ರವಾರ ರಜೆ ಹಾಕಿ ದೇವದುರ್ಗದ ಬಸ್ಸು ಹತ್ತಿದ.

ಮುದುಕಪ್ಪ ಅಳಿಯನನ್ನು ಹೊಳೆ ದಂಡೆಗೆ ಕರೆದುಕೊಂಡು ಹೋದ. ಅಂಬರೀಶ ಚೀಲ ಬಿಚ್ಚಿ ಮೊಣಕಾಲೂರಿ, ಕಪ್ಪೆಚಿಪ್ಪು ಆರಿಸಿ ಬಿಸಾಡುತ್ತ, ಹಿಡಿ ಹಿಡಿಯಾಗಿ ಮರಳು ತುಂಬಿಕೊಂಡ. ಮಾವನಿಗೆ ಅಪಮಾನವಾದಂತಾಯಿತು.

"ಎರಡು ಕಿಲೋಕ್ಕ ಮಾನ್ವಿಯಿಂದ ಬಂದೀಯೇನ್ಲೇ? ಮಂದಿ ಟಿಪ್ಪರ್ ಟಿಪ್ಪರ್ ಹೊತ್ತೊಂಡು ಹೋಗಾಕತ್ತಾರ. ಒಂದು ಗೋಣಿಚೀಲರ ತುಂಬ್ಕೋ, ಇಲ್ಲಂದ್ರ ಮಾವ ಬರಿಗೈಲೆ ಕಳಿಸ್ದ ಅಂತಾರ."

"ಬ್ಯಾಡ ಮಾವ, ಕೇಕಿಗಿ ಇಷ್ಟ ಸಾಕು."

"ಮರಳಾಗ ಶೇಂಗಾ ಹುರೀತಾರ, ಮಂಡಾಳ ಹುರೀತಾರ. ಕೇಕೂ ಹುರೀತಾರೇನು?" ಎಂದು ಮುದುಕಪ್ಪ ಹೊಳೆಯನ್ನೇ ಕೇಳಿದ.

ವಾಪಸು ಬರುವ ಬಸ್ಸಿನಲ್ಲಿ ಅಂಬರೀಶ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ದೇವದುರ್ಗ ಬಿಟ್ಟು ಸ್ವಲ್ಪ ದೂರ ಬಂದರೆ, ಮಾನ್ವಿಗೂ ರಾಯಚೂರಿಗೂ ದಾರಿ ಒಡೆಯುವ ಮೊದಲು, ಮರಳು ತಪಾಸಣೆಯ ತಗಡಿನ ಶೆಡ್ಡೊಂದಿದೆ. ರಸ್ತೆಗೆ ಅಡ್ಡ ಒಂದು ಬಿದಿರಿನ ಗಳ, ಪಕ್ಕದಲ್ಲಿ ಒಂದು ಫಲಕ. ಫಲಕದ ಮೇಲೆ ಕೆಂಪಕ್ಷರದಲ್ಲಿ "ಪರವಾನಗಿ ಇಲ್ಲದೆ ಮರಳನ್ನು, ಎಷ್ಟೇ ಪ್ರಮಾಣದಲ್ಲಿರಲಿ, ಸಾಗಿಸುವುದು ಅಪರಾಧ" ಎಂದು ಬರೆದಿತ್ತು.

ಅದನ್ನು ಓದಿ ಅಂಬರೀಶ ತೊಡೆಯ ಮೇಲಿನ ಚೀಲವನ್ನು ನೋಡಿಕೊಂಡ. "ಎಷ್ಟೇ ಪ್ರಮಾಣದಲ್ಲಿರಲಿ" ಎಂಬ ಮಾತು ಅವನದೇ. ಎರಡು ವರ್ಷದ ಹಿಂದೆ ಆ ಒಕ್ಕಣೆಯನ್ನು ಟೈಪು ಮಾಡಲು ಅವನ ಮೇಜಿಗೆ ಕಳಿಸಿದ್ದಾಗ ಅದರಲ್ಲಿ ಆ ಮಾತಿರಲಿಲ್ಲ. ಯಾರಾದರೂ ಒಂದು ಬಂಡಿ ಮರಳು ಹೊಡೆದು "ಇದು ಸ್ವಲ್ಪೇ ಅಲ್ಲೇನ್ರಿ" ಎಂದು ಬಿಟ್ಟರೆ ಸರ್ಕಾರದ ಗತಿ ಏನು ಎಂದು ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ತಾನೇ ಸೇರಿಸಿ ಸಹಿಗೆ ಇಟ್ಟಿದ್ದ. ಕಚೇರಿಯ ಸಾಹೇಬರು ಓದದೆ ಸಹಿ ಹಾಕಿದ್ದರು. ಅಂಬರೀಶ ಅದನ್ನು ಮೆಚ್ಚುಗೆ ಎಂದೇ ತಿಳಿದಿದ್ದ.

ಬಿದಿರಿನ ಗಳ ಮೇಲೆದ್ದಿತು. ಬಸ್ಸನ್ನು ಯಾರೂ ತಡೆಯಲಿಲ್ಲ, ಒಳಗೆ ಯಾರೂ ಇಣುಕಲಿಲ್ಲ. ಮುಂದಿದ್ದ ತುಂಬಿದ ಟಿಪ್ಪರಿನ ಡ್ರೈವರು ಬೆರಳಲ್ಲಿ ಒಂದು ಕಾಗದ ಅಲ್ಲಾಡಿಸಿದ. ಕಾಗದ ಹಳೆಯದಾಗಿ ನಾಲ್ಕು ಮಡಿಕೆಯಲ್ಲೂ ಹರಿದಿತ್ತು. ಅವನೂ ಹೋದ. ಅಂಬರೀಶನೂ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು.

"ಹೋಲ್ಡಾನ್!" ಎಂದು ಅವನೇ ಕೂಗಿ ಕೆಳಗಿಳಿದ.

ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ಹೋಮ್‌ಗಾರ್ಡು ಮಹಮ್ಮದ್ ಹುಸೇನ್ ನರೆತ ಮೀಸೆಯ ಹಿರಿಯ. "ಏನಾತು ಸಾಬ್? ಬಾತ್‌ರೂಮ್ ಆ ಕಡಿ ಅದ" ಎಂದ.

"ಅಲ್ರೀ, ನನ್ನ ಹತ್ರ ಮರಳು ಅದ."

"ಎಷ್ಟು ಟ್ರಿಪ್ಪು?"

"ಎರಡು ಕಿಲೋರೀ."

ಹುಸೇನ್ ಚೀಲವನ್ನೂ ಅವನ ಮುಖವನ್ನೂ ನೋಡಿದ. "ಹೋಗ್ರಿ ಸಾಬ್, ಬಿಸ್ಲು ಭಾಳ ಅದ. ಮನಿಗಿ ಹೋಗಿ ನೀರು ಕುಡೀರಿ."

"ಹಂಗಂದ್ರ ಹೆಂಗ್ರೀ? ಬೋರ್ಡಿನ ಮ್ಯಾಲ ಎಷ್ಟೇ ಪ್ರಮಾಣ ಅಂತ ಅದ."

"ಅದು ಯಾವನೋ ತಲಿ ಇಲ್ಲದಾಂವ ಬರದಾನ."

ಅಂಬರೀಶ ಆ ಮಾತನ್ನು ನುಂಗಿಕೊಂಡ. ಆದರೆ ಜಾಗ ಬಿಟ್ಟು ಕದಲಲಿಲ್ಲ. ಹುಸೇನನಿಗೆ ಈಗ ಹೆದರಿಕೆ ಹತ್ತಿತು. ಇಷ್ಟು ಪ್ರಾಮಾಣಿಕನಾದ ಮನುಷ್ಯ ಖಂಡಿತ ತನ್ನನ್ನು ಪರೀಕ್ಷಿಸಲು ಯಾರೋ ಕಳಿಸಿದವನೇ ಇರಬೇಕು! ಅವನು ತನ್ನ ಸಾಹೇಬರಿಗೆ ಫೋನು ಹಚ್ಚಿದ. ಆ ಕಡೆಯಿಂದ ಸಾಹೇಬರು, ಬಾಯಿಬಿಟ್ಟು ಹೇಳಿದ ಮೇಲೆ ಬಿಡುವ ಹಾಗಿಲ್ಲ, ನಮೂನೆ ತುಂಬಿಸಿ ವಶಕ್ಕೆ ತೊಗೊ ಎಂದರು.

ನಮೂನೆಯಲ್ಲಿ ಪ್ರಮಾಣವನ್ನು ಟನ್ನಿನಲ್ಲಿ ಬರೆಯಬೇಕಿತ್ತು. ಸೊನ್ನೆ ಎಷ್ಟು ಹಾಕಬೇಕು ಎಂದು ಇಬ್ಬರೂ ಸೇರಿ ಲೆಕ್ಕ ಹಾಕಿದರು. ಮುಂದಿನ ಸಾಲು "ವಶಪಡಿಸಿಕೊಂಡ ವಾಹನದ ಸಂಖ್ಯೆ" ಎಂದಿತ್ತು. ಹುಸೇನ್ ತಲೆಯೆತ್ತಿ ಬಸ್ಸನ್ನು ನೋಡಿದ. ಬಾಗಿಲಲ್ಲಿ ನಿಂತು ಇದೆಲ್ಲವನ್ನೂ ಕೇಳುತ್ತಿದ್ದ ಕಂಡಕ್ಟರು, "ರೈಟ್ ರೈಟ್! ಹೊಡಿಯೋ ಮಾರಾಯ, ನಮ್ಮ ಗಾಡಿನ ಜಪ್ತಿ ಮಾಡಾಕತ್ತಾರ!" ಎಂದು ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿ ಓಡಿತು. ವಾಹನದ ಸಾಲಿನಲ್ಲಿ ಹುಸೇನ್ "ನಡಿಗೆ" ಎಂದು ಬರೆದ. ಮರಳಿನ ಚೀಲದ ಬಾಯಿ ಕಟ್ಟಿ ಅರಗಿನ ಮುದ್ರೆ ಒತ್ತಿದ.

"ಬಿಡಿಸ್ಕೊಳ್ಳಾಕ ಅರ್ಜಿ ಹಾಕ್ರಿ. ಇಪ್ಪತ್ತು ದಿನದಾಗ ಆಗ್ತದ."

"ನನಗ ಭಾನುವಾರಕ್ಕ ಬೇಕ್ರೀ. ಕೇಕು ಮಾಡೂದದ."

ಹುಸೇನ್ ಶೆಡ್ಡಿನೊಳಗಿನ ಒಲೆ ಹಚ್ಚಿದ. ಚಹಾ ಕಾಸಿಕೊಟ್ಟ.

ಮುಂದಿನ ಬಸ್ಸಿಗೆ ಕಾಯುತ್ತ ಅಂಬರೀಶ ಆದದ್ದನ್ನೆಲ್ಲ ಗ್ರೂಪಿನಲ್ಲಿ ಬರೆದ. ಬರೆಯದೆ ಮುಚ್ಚಿಡುವುದು ತಪ್ಪು ಎನ್ನಿಸಿತು. ಕೂಡಲೇ ಆನಂದನ ಫೋನು ಬಂತು.

"ಲೇ ಅಂಬ್ಯಾ, ನೀ ಮನಿ ಕಟ್ಟಾಕತ್ತೀಯೋ ಕೇಕು ಮಾಡಾಕತ್ತೀಯೋ? ಮರಳು ಜಪ್ತಿ ಆತು, ಅದಕ್ಕ ಕೇಕಿಲ್ಲ ಅಂತ ಮಂದಿ ಮುಂದ ಹೆಂಗ ಹೇಳ್ಲಿ ತಮ್ಮಾ? ನಾ ಬೇಕರಿಗಿ ಆರ್ಡರ್ ಕೊಡ್ತೀನಿ. ಫೋಟೋ ಕೇಕು. ಮೂರು ಮಂದಿ ಮುಖಾನೂ ಬರ್ತದ."

"ಅಣ್ಣ, ಭಾನುವಾರ ಆರರ ತನಕ ಟೈಮ್ ಕೊಡು."

"ಕೊಟ್ಟೆ. ಆದ್ರ ಬೇಕರಿದೂ ಇರ್ಲಿ. ಅವ್ವ ಎರಡೂ ನೋಡಿ ಹೇಳ್ಲಿ, ಯಾವುದು ಕಾಯಂ ಅಂತ."

ಮನೆಗೆ ಬಂದಾಗ ಅಂಬರೀಶನ ಮುಖ ಸೋತು ಹೋಗಿತ್ತು. ತನ್ನ ಬಾಯಿಗೆ ತಾನೇ ಮಣ್ಣು ಹಾಕಿಕೊಂಡೆನೇ, ಇಳಿಯದೆ ಕೂತಿದ್ದರೆ ತಪ್ಪಾಗುತ್ತಿತ್ತೇ, ಇಳಿದದ್ದೇ ತಪ್ಪೇ ಎಂದು ಊಟದ ತಟ್ಟೆಯ ಮುಂದೆ ಮೂರು ಸಲ ಕೇಳಿದ. ಕಲ್ಯಾಣಿ ರೊಟ್ಟಿ ಮುರಿದು ಪಲ್ಯ ಹಾಕಿದಳು.

"ಮರಳು ಆ ಶೆಡ್ಡು ದಾಟಿ ಬರಬಾರದು ಅಂತಾರೇನ್ರಿ?"

"ಹೌದು."

"ಕುಕ್ಕರ್ ದಾಟಿ ಹೋಗಬಾರದು ಅಂತ ಏನರ ಬರದೀರೇನು?"

ಅಂಬರೀಶ ತುತ್ತು ಕೈಯಲ್ಲೇ ಹಿಡಿದು ಬಹಳ ಹೊತ್ತು ನೆನಪು ಮಾಡಿಕೊಂಡ. ಬರೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಗಂಡಹೆಂಡಿರು ಬಸ್ಸಿನಿಂದ ಆ ಶೆಡ್ಡಿನ ಮುಂದೆ ಇಳಿದಾಗ ಕಲ್ಯಾಣಿಯ ತಲೆಯ ಮೇಲೆ ಕುಕ್ಕರಿತ್ತು. ಅಂಬರೀಶನ ಎರಡು ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಜರಡಿ ಹಿಡಿದು ಬೆರೆಸಿದ ಮೈದಾ, ಕೋಕೋ, ಸೋಡಾ. ಇನ್ನೊಂದರಲ್ಲಿ ಮೊಸರು, ಎಣ್ಣೆ, ಪುಡಿಸಕ್ಕರೆ. ಹುಸೇನ್ ಕುರ್ಚಿಯಿಂದ ಎದ್ದು ನಿಂತ.

"ಯಾ ಅಲ್ಲಾ, ಮತ್ತ ಬಂದ್ರಿ?"

ಕಲ್ಯಾಣಿ ಕುಕ್ಕರ್ ಇಳಿಸುತ್ತ ಹೇಳಿದಳು. "ಅಣ್ಣಾ, ನಿಮ್ಮ ಮರಳು ನಿಮ್ಮ ಹತ್ರನ ಇರ್ಲಿ. ನಾವು ಇಲ್ಲೇ ಬೇಯಿಸ್ಕೊಂಡು ಹೋಗ್ತೀವಿ. ಒಲಿ ಕೊಡ್ರಿ."

"ಚೀಲಕ್ಕ ಅರಗು ಹಾಕೀನಲ್ಲವ್ವ, ಒಡಿಯಾಕ ಬರಂಗಿಲ್ಲ." ಹುಸೇನ್ ತುಸು ಯೋಚಿಸಿ, ಶೆಡ್ಡಿನ ಹಿಂದೆ ಕೈ ಮಾಡಿದ. ಅಲ್ಲಿ ಯಾವಾಗಲೋ ವಶಪಡಿಸಿಕೊಂಡ ಮರಳು ಮನೆಯೆತ್ತರ ಬಿದ್ದು, ಮೇಲೆ ಜಾಲಿ ಗಿಡ ಹುಟ್ಟಿತ್ತು. "ಇದಕ್ಕೇನೂ ಅರಗಿಲ್ಲ. ತೊಗೊಂಡು ಬೇಯಿಸಿ, ಹೊಳ್ಳಿ ಇಲ್ಲೇ ಸುರೀರಿ. ಸಾಗಾಟ ಎಲ್ಲಿ ಆತು?"

ಅಂಬರೀಶನಿಗೆ ಕಾನೂನಿನಲ್ಲಿ ತಪ್ಪು ಸಿಗಲಿಲ್ಲ. ಆದರೂ ಮನಸ್ಸು ತಡೆಯಲಿಲ್ಲ. ಸ್ಟೀಲಿನ ಲೋಟದಲ್ಲಿ ಅಳೆದು, ಚಹಾ ಸೋಸುವ ಜಾಳಿಗೆಯಲ್ಲಿ ಸೋಸಿ, "ಗುಡ್ಡೆಯಿಂದ ಪಡೆದದ್ದು: ಏಳು ಲೋಟ" ಎಂದು ಕಾಗದದ ಮೇಲೆ ಬರೆದು ಹುಸೇನನ ಸಹಿ ತೆಗೆದುಕೊಂಡ. ಹುಸೇನ್ ಜೀವನದಲ್ಲಿ ಮೊದಲ ಸಲ ಮರಳಿನ ವಿಷಯದಲ್ಲಿ ನಿಜವಾದ ಕಾಗದಕ್ಕೆ ಸಹಿ ಹಾಕಿದೆ ಎಂದು ನಕ್ಕ.

ಮೊದಲ ಕೇಕು ಒಲೆಗೇರಿತು. ಅಂಬರೀಶನ ಕೈ ಐದು ನಿಮಿಷಕ್ಕೊಮ್ಮೆ ಮುಚ್ಚಳದ ಕಡೆ ಹೋಗುತ್ತಿತ್ತು. ಕಲ್ಯಾಣಿ ಕೊನೆಗೆ ಕುಕ್ಕರಿನ ಮೇಲೆ ಒಂದು ಕಲ್ಲಿಟ್ಟು, ಪಕ್ಕದಲ್ಲಿ ಕೂತು, "ಇದನ್ನ ಮುಟ್ಟಿದ್ರ ಅವ್ವನ ಆಣಿ" ಎಂದಳು. ಅವನು ಎದ್ದು ಹೋಗಿ ಫಲಕದ ಹಿಂದೆ ನಿಂತುಕೊಂಡ.

ಎರಡನೆಯ ಕೇಕು ಬೇಯುವ ಹೊತ್ತಿಗೆ ವಾಸನೆ ರಸ್ತೆಗೆ ಹಬ್ಬಿತು. ಡೀಸೆಲಿನ, ಧೂಳಿನ, ಬಿಸಿಲಿಗೆ ಕಾದ ಡಾಂಬರಿನ ಆ ದಾರಿಯಲ್ಲಿ ಚಾಕಲೇಟಿನ ಘಮ ಹೊಸದು. ಮೊದಲೊಂದು ಟಿಪ್ಪರು ನಿಧಾನಿಸಿತು, ನಿಂತಿತು. ಡ್ರೈವರು ಇಳಿದು, "ಏನು ಬೇಯಾಕತ್ತದ ಚಾಚಾ?" ಎಂದ. ಅವನ ಹಿಂದಿನದು ನಿಂತಿತು, ಅದರ ಹಿಂದಿನದೂ ನಿಂತಿತು. ಬಿದಿರಿನ ಗಳ ಮೇಲೇ ಇತ್ತು. ಯಾರೂ ಅವರಿಗೆ ಕೈ ಅಡ್ಡ ಮಾಡಿರಲಿಲ್ಲ. ಮೂರನೆಯ ಕೇಕು ಇಳಿಯುವಷ್ಟರಲ್ಲಿ ಹನ್ನೊಂದು ಟಿಪ್ಪರು ಸಾಲಾಗಿ ನಿಂತಿದ್ದವು. ಡ್ರೈವರುಗಳು ಶೆಡ್ಡಿನ ಸುತ್ತ ಮದುವೆಯ ಪಂಕ್ತಿಗೆ ಕಾದವರಂತೆ ಕುಕ್ಕರುಗಾಲಲ್ಲಿ ಕೂತಿದ್ದರು.

ಆಗ ಹುಸೇನನ ಸಾಹೇಬರ ಜೀಪು ಬಂತು.

ಹುಸೇನನ ಮೀಸೆ ಇಳಿಯಿತು. ಅಂಬರೀಶ ತನ್ನ ಕೆಲಸ, ಪೆನ್ಷನ್ನು, ಹೆಂಡತಿ ಮೂರನ್ನೂ ಒಂದೇ ಉಸಿರಿನಲ್ಲಿ ನೆನೆದ. ಸಾಹೇಬರು ಕೆಳಗಿಳಿದು, ಒಂದರ ಹಿಂದೆ ಒಂದು ನಿಂತ ಟಿಪ್ಪರುಗಳ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. ಅವರ ಕಣ್ಣು ತುಂಬಿ ಬಂದವು.

"ಹುಸೇನ್," ಎಂದರು, "ಮೂರು ವರ್ಷದಾಗ ಇಲ್ಲಿ ಒಂದು ಗಾಡಿ ನಿಂತಿದ್ದು ನಾ ನೋಡಿಲ್ಲ. ಇಷ್ಟು ಬಿಗಿ ತಪಾಸಣೆ! ಎಲ್ಲಾನೂ ನೀ ಒಬ್ಬನೇ ತಡದಿ?"

"ಹೌದ್ರೀ ಸಾಬ್," ಎಂದ ಹುಸೇನ್, ಬೇರೇನೂ ಹೊಳೆಯದೆ.

ಸಾಹೇಬರು ಸಾಲಿನ ಮುಂದೆ ನಿಂತು ನಾಲ್ಕು ಫೋಟೋ ತೆಗೆಸಿಕೊಂಡರು. ಆಮೇಲೆ ಮೂಗರಳಿಸಿದರು. "ಏನಿದು ವಾಸನಿ?"

ಕಲ್ಯಾಣಿ ಒಂದು ಕೇಕಿಗೆ ಚಾಕು ಹಾಕಿದಳು. ಸಾಹೇಬರಿಗೆ ದೊಡ್ಡ ತುಂಡು, ಹುಸೇನನಿಗೆ ಒಂದು, ಉಳಿದದ್ದು ಹನ್ನೊಂದು ಡ್ರೈವರುಗಳಿಗೆ. ಹೊಟ್ಟೆಗೆ ಬಿದ್ದ ಮೇಲೆ ಟಿಪ್ಪರುಗಳು ಒಂದೊಂದಾಗಿ ಹೊರಟವು. ಸಾಹೇಬರು ಬೆರಳು ಒರೆಸಿಕೊಳ್ಳುತ್ತ, ಯಾವ ಕಾಗದವನ್ನೂ ಕೇಳದೆ, ಅವುಗಳಿಗೆ ಕೈ ಬೀಸಿದರು.

ಹೊರಡುವಾಗ ಅಂಬರೀಶ ಮರಳನ್ನು ಅಳೆದು ಗುಡ್ಡೆಗೆ ಸುರಿದ. ಆರೂ ಮುಕ್ಕಾಲು ಲೋಟವಾಯಿತು. ಅವನು ಲೋಟವನ್ನು ತಟ್ಟಿ ನೋಡಿದ. "ಕಾಲು ಲೋಟ ಕಮ್ಮಿ ಬಂತು, ಎಲ್ಲಿ ಹೋತಿದು?"

"ಹಸಿ ಇತ್ತು, ಆರ್ಯದ. ನಡೀರಿ, ಬಸ್ ಬಂತು" ಎಂದು ಕಲ್ಯಾಣಿ ಅವನ ತೋಳು ಹಿಡಿದೆಳೆದಳು. ಆ ಕಾಗದದ ಮೇಲೆ "ಕಾಲು ಲೋಟ ನೀರು ಆವಿಯಾಗಿದೆ" ಎಂದು ಬರೆದು ಕೊಟ್ಟ ಮೇಲೆಯೇ ಅವನು ಬಸ್ಸು ಹತ್ತಿದ್ದು.

ರಾಯಚೂರಿಗೆ ಬಸ್ಸು ಮುಟ್ಟುವ ತನಕ ಅವನಿಗೆ ಒಂದೇ ಚಿಂತೆ. ಮೂವರ ಹುಟ್ಟಿದಹಬ್ಬ, ಉಳಿದದ್ದು ಎರಡು ಕೇಕು. ತನ್ನದು ಹೋಯಿತು ಎಂದುಕೊಂಡರೆ ಸರಿ. ಆದರೆ ಡ್ರೈವರುಗಳು ತಿಂದದ್ದೇ ಚೆನ್ನಾಗಿದ್ದು, ಡಬ್ಬಿಯಲ್ಲಿರುವ ಎರಡು ಒಳಗೆ ಹಸಿಯಾಗಿದ್ದರೆ?

ಆನಂದನ ಮನೆಯ ಹಾಲಿನ ನಡುವೆ ಮೇಜಿನ ಮೇಲೆ ಬೇಕರಿಯ ಕೇಕು ಆಗಲೇ ಬಂದು ಕೂತಿತ್ತು. ಬಾಗಿಲಗಲದ ಕೇಕು. ಅದರ ಮೇಲೆ ಸಕ್ಕರೆ ಹಾಳೆಯಲ್ಲಿ ಮೂವರ ಬಣ್ಣದ ಫೋಟೋ. ನಡುವೆ ಆನಂದ, ಬಲಕ್ಕೆ ಸಂಘಮಿತ್ರಾ, ಎಡ ಅಂಚಿನಲ್ಲಿ ಜಾಗ ಸಾಲದೆ ಅಂಬರೀಶ. ಅಂಬರೀಶ ತನ್ನ ಎರಡು ಡಬ್ಬಿಗಳನ್ನು ಅದರ ಪಕ್ಕದಲ್ಲಿಟ್ಟ. ಯಾರಾದರೂ ಅವನ್ನು ನೋಡಿದರೆ ಕೇಕು ಒಯ್ಯಲು ತಂದ ಪಾತ್ರೆ ಎನ್ನುವಂತಿತ್ತು.

"ಬಂತೇನಪ್ಪ ಸರ್ಕಾರಿ ಕೇಕು?" ಎಂದಳು ಸಂಘಮಿತ್ರಾ. "ಎರಡೇ ಅದಾವ?"

"ಒಂದು ತಪಾಸಣಿಗಿ ಹೋತು."

ಆನಂದ ನಕ್ಕು, ಅವ್ವನನ್ನು ಕರೆತಂದು ಕುರ್ಚಿಯ ಮೇಲೆ ಕೂಡಿಸಿ, ರಿಬ್ಬನ್ನು ಕಟ್ಟಿದ ಚಾಕು ಎತ್ತಿಕೊಂಡ. "ಮೊದ್ಲ ದೊಡ್ಡದು ಕೊಯ್ಯೋಣ. ಆಮ್ಯಾಲ ಅಂಬ್ಯಾಂದು ರುಚಿ ನೋಡು. ಯಾವುದು ಕಾಯಂ ಅಂತ ನೀನೇ ಹೇಳಬೇಕು ಬೇ."

ಬಸ್ಸಮ್ಮ ಬಗ್ಗಿ ಕೇಕನ್ನು ನೋಡಿದಳು. ಮಕ್ಕಳ ಮುಖಗಳು ಅವಳ ಕಡೆ ನಗುತ್ತಿದ್ದವು. ಆನಂದನ ಚಾಕು ಅವನದೇ ಹಣೆಯ ಮೇಲೆ ಇಳಿಯುತ್ತಿತ್ತು.

"ತಡಿಯಲೇ!" ಎಂದು ಕೂಗಿದಳು. "ಯಾರ ಮುಖಕ್ಕ ಚಾಕು ಹಾಕಾಕತ್ತಿ?"

"ಯವ್ವಾ, ಅದು ಸಕ್ಕರಿ ಬೇ," ಎಂದಳು ಸಂಘಮಿತ್ರಾ.

"ಸಕ್ಕರಿ ಆದ್ರೇನು, ಮುಖ ನಿಮ್ಮದಲ್ಲೇನು? ಮೊದ್ಲ ಯಾರ ಕಣ್ಣು ಕೀಳ್ತೀರಿ ಹೇಳ್ರಿ, ನಾ ಎದ್ದು ಒಳಗ ಹೋಗ್ತೀನಿ."

"ಹಂಗಾದ್ರ ಅಂಚಿಲಿಂದ ಕೊಯ್ತೀನಿ ತಗೋ."

"ಆ ಅಂಚಿನಾಗ ಅಂಬ್ಯಾನ ಕಿವಿ ಅದ."

ಆನಂದ ಚಾಕುವನ್ನು ಈ ಕಡೆ ಆ ಕಡೆ ಒಯ್ದ. ಎಲ್ಲಿಟ್ಟರೂ ಯಾರದಾದರೂ ಗಲ್ಲ, ಯಾರದಾದರೂ ಮೂಗು. ಸಂಘಮಿತ್ರಾ ಕಾಗದದ ಮೇಲೆ ಗೆರೆ ಎಳೆದು, ಮುಖ ತಪ್ಪಿಸಿ ಕೊಯ್ದರೆ ಎಷ್ಟು ಸಿಗುತ್ತದೆ ಎಂದು ಲೆಕ್ಕ ಹಾಕಿದಳು. ನಾಲ್ಕು ಮೂಲೆಯಲ್ಲಿ ನಾಲ್ಕು ಚಮಚ ಕೆನೆ. ಕೊನೆಗೆ ಅಷ್ಟು ದೊಡ್ಡ ಕೇಕನ್ನು ಇಬ್ಬರು ಹಿಡಿದು ಫ್ರಿಜ್ಜಿಗೆ ಸಾಗಿಸಿದರು. ಅದು ಒಳಗೆ ಹಿಡಿಸಲೆಂದು ಹಾಲು, ಮೊಸರು, ಕಾಯಿಪಲ್ಯೆ ಎಲ್ಲ ಹೊರಗೆ ಬಂದವು.

ಹೀಗೆ ಮೇಜಿನ ಮೇಲೆ ಅಂಬರೀಶನ ಎರಡು ಕೇಕು ಉಳಿದವು. ಗೆದ್ದೆ ಎಂದು ಅವನಿಗೆ ಅನ್ನಿಸಲಿಲ್ಲ. ಎದುರಾಳಿ ಬಾರದ ಕುಸ್ತಿಯಲ್ಲಿ ನಿಂತವನಂತಾಯಿತು. ತಿಂದು ನೋಡಿ ಬೇಡವೆಂದಿದ್ದರೂ ಇದಕ್ಕಿಂತ ಮೇಲಿತ್ತು ಎಂದುಕೊಳ್ಳುತ್ತ ಮುಚ್ಚಳ ತೆಗೆದ.

ನಡುವೆ ತಗ್ಗು ಬಿದ್ದಿರಲಿಲ್ಲ. ಕಪ್ಪಗೆ, ಸಮನಾಗಿ ಉಬ್ಬಿತ್ತು. ಎಲ್ಲರ ತಟ್ಟೆಗೂ ತುಂಡು ಬಿತ್ತು. ಎರಡನೆಯ ತುತ್ತಿಗೆ ಆನಂದನ ಬಾಯಲ್ಲಿ "ಕಟ್" ಎಂದಿತು.

ಅವನು ಎರಡು ಬೆರಳಿನಿಂದ ಒಂದು ಮರಳಿನ ಹರಳು ತೆಗೆದು ತಟ್ಟೆಯ ಅಂಚಿಗಿಟ್ಟ. ಎಲ್ಲರೂ ಅದನ್ನೇ ನೋಡಿದರು. ಅಂಬರೀಶನ ಕೈಯ ಚಾಕು ಡಬ್ಬಿಯ ಮೇಲೇ ನಿಂತಿತು. ಕೇಕು ಕೆಟ್ಟಿತು ಎಂದಲ್ಲ. ಆ ಹರಳು ಬಿದಿರಿನ ಗಳ ದಾಟಿ ಬಂದಿತ್ತು, ಪರವಾನಗಿ ಇಲ್ಲದೆ.

ಆನಂದ ನಾಲಿಗೆಯಲ್ಲಿ ಹಲ್ಲು ಸವರಿಕೊಂಡ. ತಮ್ಮನನ್ನು ನೋಡಿದ. ಮತ್ತೆ ತುಂಡು ಬಾಯಿಗಿಟ್ಟ. ಅದು ಮುಗಿದ ಮೇಲೆ ಇನ್ನೊಂದು ಹಾಕಿಸಿಕೊಂಡ. ಮೂರನೆಯದಕ್ಕೆ ಯಾರನ್ನೂ ಕೇಳದೆ ತಾನೇ ಕೈ ಹಾಕಿದ. ಸಂಘಮಿತ್ರಾ ಡಬ್ಬಿಯ ತಳಕ್ಕೆ ಅಂಟಿದ್ದನ್ನು ಚಮಚದಲ್ಲಿ ಕೆರೆಯುತ್ತಿದ್ದಳು.

"ಹೆಂಗ ಆಗ್ಯದ ಬೇ?" ಎಂದು ಅಂಬರೀಶ ಅವ್ವನನ್ನು ಕೇಳಿದ.

"ತಿನ್ನೂ ಮುಂದ ಮಾತಾಡ್ಸಬ್ಯಾಡ," ಎಂದಳು ಬಸ್ಸಮ್ಮ.

ಆನಂದ ತಟ್ಟೆ ಕೆಳಗಿಟ್ಟ. "ಆತು ಬಿಡಪ ತಮ್ಮಾ. ಬೇಕರಿ ಕ್ಯಾನ್ಸಲ್. ಮುಂದಿನ ವರ್ಷಾನೂ ನೀನೇ ಮಾಡು, ಅದರ ಮುಂದಿನ ವರ್ಷಾನೂ."

ಬೇರೆ ಯಾರಾದರೂ ಆಗಿದ್ದರೆ ಕುಣಿಯುತ್ತಿದ್ದರು. ಅಂಬರೀಶ ಹದಿನಾರು ವರ್ಷ ಕಚೇರಿಯಲ್ಲಿ ಬಾಯಿಮಾತಿನ ಆದೇಶಗಳ ಗತಿ ನೋಡಿದವನು.

"ಬರದು ಕೊಡ್ತೀಯೇನಣ್ಣ?"

"ಏನು?"

"ಈಗ ಹೇಳಿದ್ಯಲ್ಲ, ಅದು. ನಾಳಿಗಿ ನಾ ಹಂಗ ಅಂದಿಲ್ಲ ಅಂದ್ರ?"

ಕಲ್ಯಾಣಿ ಹಣೆ ಬಡಿದುಕೊಂಡಳು. ಸಂಘಮಿತ್ರಾ ನಕ್ಕು ನಕ್ಕು ನೆಲಕ್ಕೆ ಕೂತಳು. ಆದರೆ ಅಂಬರೀಶ ಜೇಬಿನಿಂದ ಪೆನ್ನು ತೆಗೆದು ಹಿಡಿದೇ ಇದ್ದ. ಆನಂದ ಬೇರೆ ದಾರಿ ಕಾಣದೆ, ಬೇಕರಿಯ ರಟ್ಟಿನ ಡಬ್ಬಿಯ ಮುಚ್ಚಳ ಹರಿದು, ಬ್ಯಾಂಕಿನ ಕಾಗದಕ್ಕೆ ಹಾಕುವ ಉದ್ದನೆಯ ಸಹಿಯನ್ನೇ ಹಾಕಿ ಬರೆದುಕೊಟ್ಟ: ಜೂನ್ ಒಂದರ ಕೇಕು ಇನ್ನು ಮುಂದೆ ಕಾಯಂ ಆಗಿ ಅಂಬರೀಶನದೇ. ಸಂಘಮಿತ್ರಾ ಸಾಕ್ಷಿ ಹಾಕಿದಳು. ಅಂಬರೀಶ ಅದನ್ನು ಅವ್ವನ ಮುಂದೆ ಹಿಡಿದ.

"ಸಹಿ ಮಾಡು ಬೇ. ನಿನಗ ಬರ್ತದಲ್ಲ, ಸಂಘಮಿತ್ರಾ ಕಲ್ಸ್ಯಾಳ."

"ಬರ್ತದ. ಆದ್ರ ಪೆನ್ನಿಗಿ ಚಾಕಲೇಟ್ ಹತ್ತತದ," ಎಂದಳು ಬಸ್ಸಮ್ಮ. ಬಲಗೈ ಹೆಬ್ಬೆರಳನ್ನು ತಟ್ಟೆಯಲ್ಲಿ ಉಳಿದ ಕೇಕಿನ ಮೇಲೆ ಚೆನ್ನಾಗಿ ಒತ್ತಿ, ತಿರುಗಿಸಿ, ರಟ್ಟಿನ ಮೇಲೆ ಮಗನ ಹೆಸರಿನ ಪಕ್ಕದಲ್ಲಿ ಒಂದು ದಪ್ಪ ಕಂದು ಗುರುತು ಮೂಡಿಸಿದಳು. ಅಂಬರೀಶ ಅದು ಒಣಗಲೆಂದು ಊದುತ್ತಿರುವಾಗ, ಅವಳು ಹೆಬ್ಬೆರಳನ್ನು ಬಾಯಲ್ಲಿಟ್ಟುಕೊಂಡು ನಿಧಾನವಾಗಿ ಚೀಪಿದಳು.